ಎರಡನೇ ಪಂದ್ಯ

ಸವಳಂಗದಲ್ಲಿ ನನಗೆ ಜಗಳಗಂಟಿ ಎಂದು ಹೆಸರಾಗಿದೆ. ಮೊದಲು ಹಾಗಿರಲಿಲ್ಲ. ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ತೋಳು ಬಿಗಿಯಾಯಿತು, ಕೊರಳು ದೊಡ್ಡದಾಯಿತು ಎಂದು ಯಾರು ಬಂದು ದಬಾಯಿಸಿದರೂ ನಗುತ್ತಲೇ ಬಿಚ್ಚಿ ಹೊಲಿದುಕೊಡುತ್ತಿದ್ದೆ. ನನ್ನ ಸಿಟ್ಟು ಹುಟ್ಟಿದ್ದು ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಹೊನ್ನಾಳಿಗೆ ಖೋ-ಖೋ ಆಡಲು ಹೋದ ದಿನ.

ಆ ದಿನ ಸಂಜೆ ಅವಳು ಗೆಳತಿಯ ಹೆಗಲ ಮೇಲೆ ಕೈ ಹಾಕಿಕೊಂಡು ಬಸ್ಸಿಳಿದು ಅಂಗಡಿಗೆ ಬಂದಳು. ಅಂಗಿಯ ಮುಂಭಾಗದಲ್ಲಿ ವಾಂತಿಯ ಕಲೆ. ಮಷಿನ್ನಿನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟಳು.

"ಏನಾತೇ?" ಎಂದೆ.

"ಬಸ್ಸಲ್ಲಿ ವಾಂತಿ ಮಾಡ್ಕೊಂಡ್ಲು ಆಂಟಿ," ಎಂದಳು ಗೆಳತಿ. "ಬಸ್ಸು ಆಗಿಬರಲ್ಲ ಅನ್ಸುತ್ತೆ ಅಂದ್ರು ಪಿ.ಟಿ. ಸರ್."

ನನ್ನ ಮಗಳು ದಿನಾ ಬಸ್ಸಿನಲ್ಲೇ ಶಾಲೆಗೆ ಹೋಗಿ ಬರುವವಳು. ಅವಳ ಗಲ್ಲ ಹಿಡಿದು ಮುಖ ಎತ್ತಿದೆ. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ದೊಡ್ಡದಾಗಿ ಕಾಣಿಸಿತು. "ಅಮ್ಮ, ತಲೆ," ಎಂದಳು. ಅದು ನಾನು ಕೇಳಿದ ಅವಳ ಹಳೆಯ ದನಿಯ ಕೊನೆಯ ಮಾತು.

ಮೆಡಿಕಲ್ ಶಾಪಿನವರ ಕಾರಿನಲ್ಲಿ ಅವಳನ್ನು ಮಲಗಿಸಿಕೊಂಡು ಶಿವಮೊಗ್ಗಕ್ಕೆ ಹೊರಟೆವು. ನನ್ನ ಯಜಮಾನರು ಹಿಟ್ಟಿನ ಗಿರಣಿಯಿಂದ ಹಾಗೇ ಓಡಿ ಬಂದಿದ್ದರು, ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು. ಆ ಗೆಳತಿಯನ್ನೂ ನಾನು ಕೈ ಹಿಡಿದು ಕಾರಿಗೆ ಎಳೆದುಕೊಂಡಿದ್ದೆ. ದಾರಿಯಲ್ಲಿ ಅವಳು ಅಳುತ್ತ ಎಲ್ಲ ಹೇಳಿದಳು.

"ಬೆಳಿಗ್ಗೆ ಫಸ್ಟ್ ಮ್ಯಾಚಲ್ಲಿ ಕಾಲು ಜಾರಿ ಕಂಬಕ್ಕೆ ತಲೆ ಹೊಡ್ಕೊಂಡ್ಲು ಆಂಟಿ. ಸ್ವಲ್ಪ ಹೊತ್ತು ಎಚ್ಚರಾನೇ ಇರಲಿಲ್ಲ. ಆಮೇಲೆ ಎದ್ಲು. ಸರ್ ಸೋಡಾ ಕುಡಿಸಿದ್ರು."

"ಆಮೇಲೆ?"

"ಆಮೇಲೆ ಎರಡನೇ ಮ್ಯಾಚ್ ಆಡಿದ್ಲು."

"ಆಡಿದ್ಲಾ?"

"ತಲೆ ತಿರುಗ್ತೈತೆ ಸರ್ ಅಂದ್ಲು. ನಾಟಕ ಮಾಡಬ್ಯಾಡ, ನೀನಿಲ್ದಿದ್ರೆ ಸೋಲ್ತೀವಿ ಅಂದ್ರು."

ಗೆದ್ದರಂತೆ. ಆ ಗೆದ್ದ ಕಪ್ ಇವತ್ತಿಗೂ ಹೆಡ್‌ಮಾಸ್ಟರ ಕೋಣೆಯ ಗಾಜಿನ ಬೀರುವಿನಲ್ಲಿದೆ.

ತಲೆಬುರುಡೆಯ ಒಳಗೆ ಬೆಳಿಗ್ಗೆಯಿಂದ ರಕ್ತ ಸೋರಿ ಮೆದುಳನ್ನು ಒತ್ತುತ್ತಿತ್ತು. ಆಪರೇಷನ್ ಮುಗಿಸಿ ಬಂದ ಡಾಕ್ಟರು, "ಪೆಟ್ಟು ಬಿದ್ದ ಕೂಡಲೇ ಕರ್ಕೊಂಡು ಬಂದಿದ್ರೆ ಇಷ್ಟು ಆಗ್ತಿರಲಿಲ್ಲ," ಎಂದರು. ಅವರು ಅದನ್ನು ತಪ್ಪು ಹೊರಿಸಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ನನಗೆ ಮಾತ್ರ ಆ ಮಾತಿನ ಒಂದೊಂದು ಅಕ್ಷರವೂ ಸೂಜಿಯ ಹಾಗೆ ಒಳಗೆ ಇಳಿಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಸಮಯವಿತ್ತು. ಹೊನ್ನಾಳಿಯಲ್ಲೂ ಆಸ್ಪತ್ರೆ ಇತ್ತು. ಮೈದಾನದಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ.

ಮೆದುಳು ಊದಿಕೊಂಡಿದ್ದರಿಂದ ಬುರುಡೆಯ ಎಡಗಡೆಯ ಒಂದು ತುಂಡನ್ನು ತೆಗೆದು, ಅದು ಕೆಡದಿರಲಿ ಎಂದು ಅವಳ ಹೊಟ್ಟೆಯ ಚರ್ಮದ ಅಡಿಯಲ್ಲೇ ಇಟ್ಟು ಹೊಲಿದಿದ್ದರು. ಊತ ಇಳಿದ ಮೇಲೆ ಮತ್ತೆ ಸ್ವಸ್ಥಾನಕ್ಕೆ ಕೂರಿಸುವುದು. ನಮ್ಮ ಜನಕ್ಕೆ ಈ ಸುದ್ದಿ ಹೇಗೆ ತಲುಪಿತೋ ಗೊತ್ತಿಲ್ಲ. ಮನೆಗೆ ಕರೆತಂದ ಮೇಲೆ ನೋಡಲು ಬಂದ ಹೆಂಗಸರ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ, ಆಮೇಲೆ ಹೊಟ್ಟೆಯ ಮೇಲೆ. "ಎಲ್ಲೈತೆ, ಸ್ವಲ್ಪ ತೋರ್ಸು ನೋಡಾಣ," ಎಂದು ಒಬ್ಬಾಕೆ ಅಂಗಿ ಎತ್ತಲು ಕೈ ಹಾಕಿಯೇಬಿಟ್ಟಳು. ಆ ಕೈಯನ್ನು ಹಿಡಿದು ಬಾಗಿಲ ತನಕ ಬಿಟ್ಟುಬಂದೆ. ಜಗಳಗಂಟಿ ಎಂಬ ಹೆಸರು ಬಹುಶಃ ಆ ಬಾಗಿಲಿನಿಂದಲೇ ಹೊರಬಿತ್ತು.

ಅವಳ ಬಲಗೈ, ಬಲಗಾಲು ಮಾತು ಕೇಳುತ್ತಿರಲಿಲ್ಲ. ನಾಲಿಗೆಯಲ್ಲಿ ಒಂದೇ ಒಂದು ಪದ ಉಳಿದಿತ್ತು: ನಾಳೆ. ನೀರು ಬೇಕಾದರೆ ನಾಳೆ, ಹಸಿವಾದರೆ ನಾಳೆ, ಫ್ಯಾನು ಬೇಕಾದರೆ ನಾಳೆ. ದನಿಯ ಏರಿಳಿತ ನೋಡಿ ನಾನು ಯಾವ ನಾಳೆ ಎಂದು ಊಹಿಸಬೇಕಿತ್ತು. ತಪ್ಪಿದರೆ ಎಡಗೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ಗಂಜಿಯ ಬಟ್ಟಲು ನನ್ನ ಹಣೆಗೆ ಬಿದ್ದ ದಿನ ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿಗೆ ಒಂದು ಬೆಡ್‌ಶೀಟನ್ನು ಅದು ಹರಿಯುವ ತನಕ ಬಡಿದೆ. ಅವಳ ಮೇಲೂ ಸಿಟ್ಟು ಬರುತ್ತಿತ್ತು. ಬರಲಿಲ್ಲ ಎಂದು ಹೇಳುವ ತಾಯಿ ಯಾರಾದರೂ ಇದ್ದರೆ ಅವರು ನನ್ನ ಮನೆಯಲ್ಲಿ ಒಂದು ವಾರ ಇದ್ದು ನೋಡಲಿ.

ಶಾಲೆಯ ಕಡೆಯಿಂದ ಬಂದ ಟೀಚರೊಬ್ಬರು ಅವಳ ಆ ಒಂದು ಪದ ಕೇಳಿ ಕಣ್ಣು ತುಂಬಿಕೊಂಡರು. "ನೋಡ್ರಿ, ಇಷ್ಟು ಕಷ್ಟದಾಗೂ ಮಗು ನಾಳೆ ಬಗ್ಗೆ ಮಾತಾಡ್ತೈತೆ. ಎಂಥಾ ಭರವಸೆ!"

"ಭರವಸೆ ಅಲ್ರೀ ಮೇಡಂ, ಅವಳಿಗೆ ಒಂದಕ್ಕೆ ಬಂದೈತೆ," ಎಂದೆ. "ಸ್ವಲ್ಪ ಆ ಕಡೆ ಸರೀರಿ, ಎಬ್ಬಿಸಬೇಕು."

ಬೇರೆ ಮಾತು ಬಂದದ್ದು ನನ್ನ ಅತ್ತಿಗೆಯ ದೆಸೆಯಿಂದ. ಯಜಮಾನರ ಅಕ್ಕ, ಬಸವಾಪಟ್ಟಣದವರು. ಬರುವಾಗ ಬುಟ್ಟಿ ತುಂಬ ಬಾಳೆಹಣ್ಣು, ಚಕ್ಕುಲಿ, ದೇವಸ್ಥಾನದ ವಿಭೂತಿ ಎಲ್ಲ ತಂದಿದ್ದರು. ಕೆಟ್ಟವರಲ್ಲ. ಆದರೆ ಮಾತು ಬಾರದವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂದುಕೊಂಡಿದ್ದರು. ಹಾಸಿಗೆಯ ಮಗ್ಗುಲಲ್ಲೇ ಕುಳಿತು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ನನಗೆ ಹೇಳಿದರು: "ಹೆಣ್ಣು ಮಗು. ಯಾರು ಮದುವೆ ಆಗ್ತಾರೆ ಹೇಳು? ಹಿಂಗೆ ಬಿದ್ಕೊಂಡಿರೋ ಬದಲು ಆ ದೇವ್ರು ಅವತ್ತೇ ಕರ್ಕೊಂಡಿದ್ರೆ ಇಬ್ಬರಿಗೂ ಬಿಡುಗಡೆ ಆಗ್ತಿತ್ತು."

ನಾನು ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ದನಿ ಬಂತು. ದಪ್ಪ ದನಿ, ಆದರೆ ಸ್ಪಷ್ಟ.

"ಬಾಯ್ ಮುಚ್ಚೆ, ಮುಂಡೆ!"

ಅತ್ತಿಗೆಯ ಕೈಯಲ್ಲಿದ್ದ ಬಾಳೆಹಣ್ಣು ಕೆಳಗೆ ಬಿತ್ತು. ನಾನು ಎಷ್ಟೋ ತಿಂಗಳ ಮೇಲೆ ನಕ್ಕೆ. ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ಆಕೆಗೆ ಅವಮಾನವಾಯಿತು. ತಮ್ಮನನ್ನು ಕರೆದು, "ಮಗಳಿಗೆ ಇದನ್ನ ಕಲಿಸಿದಾಳೆ ನಿನ್ನ ಹೆಂಡ್ತಿ," ಎಂದು ಅಳುತ್ತ ಚೀಲ ಎತ್ತಿಕೊಂಡು ಹೊರಟರು. ಈಗಲೂ ನಮ್ಮ ಮನೆಗೆ ಬರುವುದಿಲ್ಲ.

ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂಗೆ ಇದನ್ನು ಹೇಳಿದೆ. ಮಾತು ಕಳೆದುಕೊಂಡವರಿಗೆ ಬೈಗುಳ, ಹಾಡು, ಎಣಿಕೆ ಇವೇ ಎಷ್ಟೋ ಸಲ ಮೊದಲು ಬರುತ್ತವಂತೆ. "ಒಳ್ಳೇದಾಯ್ತು. ಬೈತಾ ಇರಲಿ, ತಡೀಬೇಡಿ," ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಬೈಗುಳಕ್ಕೆ ರಜೆ ಇರಲಿಲ್ಲ. ಬೈಗುಳದ ಹಿಂದೆ 'ಬೇಡ' ಬಂತು, 'ಅಮ್ಮ' ಬಂತು. ಬಾಚಣಿಗೆಗೆ ಸೌಟು ಎನ್ನುತ್ತಿದ್ದಳು, ಸೌಟಿಗೆ ಏನೂ ಎನ್ನುತ್ತಿರಲಿಲ್ಲ. ಆದರೆ ಮಾತು ಬರುತ್ತಿತ್ತು.

ಬುರುಡೆಯ ತುಂಡನ್ನು ಮತ್ತೆ ಕೂರಿಸಿದ ಮೇಲೆ, ಅವಳು ಗೋಡೆ ಹಿಡಿದು ನಡೆಯಲು ಶುರು ಮಾಡಿದ ದಿನಗಳಲ್ಲಿ, ಪಿ.ಟಿ. ಮೇಷ್ಟ್ರು ಬಂದರು. ಅಲ್ಲಿಯವರೆಗೆ ಬಂದಿರಲಿಲ್ಲ. ಮೂವತ್ತರ ಆಸುಪಾಸಿನ ವಯಸ್ಸು. ಚಪ್ಪಲಿಯನ್ನು ಬಾಗಿಲಿಂದ ಬಹಳ ದೂರದಲ್ಲೇ ಬಿಟ್ಟು ಬಂದರು. ಮೋಸಂಬಿಯ ಕವರನ್ನು ನೆಲದ ಮೇಲಿಟ್ಟು ಕುರ್ಚಿಯ ತುದಿಯಲ್ಲಿ ಕುಳಿತರು. ಮಗಳು ಒಳಗೆ ಮಲಗಿದ್ದಳು.

"ಅಕ್ಕಾರೆ, ಒಂದು ಮಾತು ಕೇಳಾಕೆ ಬಂದೆ," ಎಂದರು.

"ಕೇಳ್ರಿ."

"ಬಿ.ಇ.ಒ. ಆಫೀಸಿಂದ ಯಾರೋ ವಿಚಾರಿಸಾಕೆ ಬರ್ತಾರಂತೆ. ಬಸ್ಸಿಂದ ಇಳಿಯಾವಾಗ ಬಿದ್ಲು ಅಂತ ಹೇಳಿದ್ರೆ ನಮಗೂ ಅನುಕೂಲ, ನಿಮಗೂ ಅಲೆದಾಟ ತಪ್ತೈತೆ. ನನ್ನ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ ಅಕ್ಕಾರೆ. ಸಣ್ಣ ಮಕ್ಕಳಿದಾವೆ."

ನಾನು ಯಜಮಾನರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. "ಪಾಪ, ಅವರೇನು ಬೇಕಂತ ಮಾಡಿದ್ರಾ?" ಎಂದರು ಮೆಲ್ಲಗೆ. "ಹೋಗ್ಲಿ ಬಿಡು. ನಮ್ಮ ಹಣೆಬರಹ."

"ಹಣೆಬರಹ ಅಲ್ರೀ ಅದು, ಮೇಷ್ಟ್ರ ಬರಹ!" ಎಂದೆ. ದನಿ ಬೀದಿಗೆ ಕೇಳಿಸಿರಬೇಕು. "ಬಿದ್ದಿದ್ದು ಹಣೆಬರಹ, ಒಪ್ತೀನಿ. ಕಾಲು ಯಾರದ್ದಾದ್ರೂ ಜಾರ್ತೈತೆ. ಎಚ್ಚರ ತಪ್ಪಿ ಎದ್ದ ಹುಡುಗೀನ ಮತ್ತೆ ಓಡ್ಸಿದ್ದು ಯಾರ ಬರಹ? ನಿಮ್ಮ ಮಕ್ಕಳಿಗೆ ಹಂಗಾಗಿದ್ರೆ ಸೋಡಾ ಕುಡಿಸ್ತಿದ್ರೇನ್ರಿ?"

ಮೋಸಂಬಿ ಕವರನ್ನು ನಾನೇ ಅವರ ಕೈಗೆ ಕೊಟ್ಟು ಕಳಿಸಿದೆ.

ವಿಚಾರಣೆಗೆ ಬಂದವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಕಾರಿನಲ್ಲಿ ಅತ್ತು ಎಲ್ಲ ಹೇಳಿದ್ದ ಆ ಗೆಳತಿ ಅವರ ಮುಂದೆ, "ನಂಗೆ ಸರಿಯಾಗಿ ನೆನಪಿಲ್ಲ ಸರ್," ಎಂದಳು. ಅವಳ ತಂದೆ ಪಕ್ಕದಲ್ಲೇ ನಿಂತಿದ್ದ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳ ತಂದೆಯ ಮೇಲಿದೆ. ಕೊನೆಗೆ ಆದದ್ದಿಷ್ಟು: ಮೇಷ್ಟ್ರು ಆ ಶಾಲೆ ಬಿಟ್ಟರು. ಶಿಕ್ಷೆಯೇನಲ್ಲ, ಅವರಾಗಿಯೇ ಬಿಟ್ಟದ್ದು. ಸ್ವಲ್ಪ ದಿನಕ್ಕೆ ಜಗಳೂರು ಕಡೆಯ ಒಂದು ಶಾಲೆಗೆ ಸೇರಿದ್ದಾರೆ, ಅಲ್ಲೂ ಹುಡುಗಿಯರ ಖೋ-ಖೋ ತಂಡ ಕಟ್ಟಿದ್ದಾರೆ ಎಂದು ತಿಳಿಯಿತು.

ಆ ಸುದ್ದಿ ಕೇಳಿದ ಮೇಲೆ ನನ್ನಿಂದ ಮಷಿನ್ನಿನ ಮುಂದೆ ಕೂರಲಾಗಲಿಲ್ಲ. ಒಂದು ಬೆಳಿಗ್ಗೆ ಮಗಳನ್ನು ಅವರಪ್ಪನ ಹತ್ತಿರ ಬಿಟ್ಟು, ಹೊನ್ನಾಳಿಗೆ ಹೋಗಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮೆಕ್ಕೆಜೋಳ ಕೊಯ್ದ ಬೋಳು ಹೊಲಗಳ ನಡುವೆ ಬಸ್ಸು ಓಡುತ್ತಿದ್ದಾಗ ಅವರ ಕೆನ್ನೆಗೆ ಹೊಡೆಯುವುದನ್ನು ಬಗೆಬಗೆಯಾಗಿ ಮನಸ್ಸಿನಲ್ಲೇ ಮಾಡಿ ನೋಡಿದೆ.

ಶಾಲೆಯ ಮೈದಾನದಲ್ಲಿ ಹುಡುಗಿಯರು ಸಾಲಾಗಿ ಕುಕ್ಕರಗಾಲಲ್ಲಿ ಕುಳಿತಿದ್ದರು. ಎರಡು ತುದಿಗೆ ಎರಡು ಕಂಬ. ಮೇಷ್ಟ್ರ ಬಾಯಲ್ಲಿ ಸೀಟಿ. ನನ್ನನ್ನು ನೋಡಿದವರೇ ಸೀಟಿ ತೆಗೆದರು, ಮುಖ ಸುಣ್ಣವಾಯಿತು. ನಾನು ಅವರನ್ನು ದಾಟಿ ನೇರ ಹುಡುಗಿಯರ ಹತ್ತಿರ ಹೋದೆ. ಎಲ್ಲರದ್ದೂ ನನ್ನ ಮಗಳ ವಯಸ್ಸು, ಬೆವರಿದ ಕುತ್ತಿಗೆ, ಬಿಗಿ ಜಡೆ. ಹೊಡೆಯುವ ಕೈ ಅಲ್ಲೇ ಇಳಿಯಿತು.

"ಆಡೋವಾಗ ತಲೆಗೆ ಪೆಟ್ಟು ಬಿದ್ರೆ," ಎಂದೆ, "ತಲೆ ತಿರುಗಿದ್ರೆ, ವಾಂತಿ ಬಂದಂಗೆ ಆದ್ರೆ, ಆಟ ಬಿಟ್ಟು ಕೂತ್ಕೊಳ್ರಿ. ಯಾರು ಏಳು ಅಂದ್ರೂ ಏಳಬ್ಯಾಡ್ರಿ. ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ ಅಂತ ಕೂಗ್ರಿ. ಕಿರುಚ್ರಿ. ನಾಟಕ ಅಂದ್ರೆ ಅನ್ನಲಿ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೀವ್ಯಾರು ಆಂಟಿ?" ಎಂದಳು ಒಬ್ಬಳು.

"ನಿಮ್ಮ ಸರ್‌ನ ಕೇಳ್ರಿ."

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ನಾನು ಗೇಟು ದಾಟುವಾಗ ಅವರು ಹಿಂದೆಯೇ ಓಡಿ ಬಂದರು. "ಅಕ್ಕಾರೆ, ಹೆಂಗಿದಾಳೆ?" ಎಂದರು. ಕಣ್ಣಲ್ಲಿ ನೀರಿತ್ತು.

ಆ ನೀರು ನೋಡಿ ನನ್ನ ಸಿಟ್ಟು ಇಳಿಯಬೇಕಿತ್ತೋ ಏನೋ. ಇಳಿಯಲಿಲ್ಲ, ಏರಿತು. "ಅಳಬ್ಯಾಡ್ರಿ," ಎಂದೆ. "ನಿಮ್ಮ ಅಳುವಿಂದ ನನ್ನ ಮಗಳ ಬಲಗೈ ಏಳಲ್ಲ. ಈ ಹುಡುಗೀರನ್ನ ಸರಿಯಾಗಿ ನೋಡ್ಕೊಳ್ರಿ. ನಾನು ಮತ್ತೆ ಬರ್ತೀನಿ, ಹೇಳ್ದೆ ಕೇಳ್ದೆ ಬರ್ತೀನಿ." ಕ್ಷಮಿಸಿಬಿಡು, ಮನಸ್ಸು ಹಗುರಾಗುತ್ತೆ ಎಂದು ನನಗೆ ಬುದ್ಧಿ ಹೇಳಿದವರು ಬಹಳ. ನನ್ನ ಮನಸ್ಸು ಹಗುರಾಗುವುದು ನನಗೆ ಬೇಕಾಗಿಲ್ಲ.

ಮನೆಗೆ ಬಂದು ಎಲ್ಲಿಗೆ ಹೋಗಿದ್ದೆನೆಂದು ಮಗಳಿಗೆ ಹೇಳಿದೆ. ಮಾತು ಹುಡುಕುವಾಗ ಅವಳ ಎಡಗೈ ಬೆರಳು ಚಾಪೆಯ ಮೇಲೆ ಓಡಾಡುತ್ತವೆ.

"ನನ್ನ... ಯಾಕೆ ಕರ್ಕೊಂಡು... ಹೋಗಲಿಲ್ಲ?"

"ನಿಂಗೆ ಕಷ್ಟ ಆಗ್ತೈತೆ ಅಂತ."

"ಪೆಟ್ಟು... ನಂದು," ಎಂದಳು. "ಮಾತು... ನಾನು ಆಡಬೇಕು." ಆಮೇಲೆ ಎದ್ದು, ಕಾಲೆಳೆಯುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾತು ಬಾರದೆ ಅಲ್ಲ, ಬೇಡವಾಗಿ.

ಈ ವರ್ಷ ಹತ್ತನೇ ಕ್ಲಾಸಿಗೆ ಸೇರಿದ್ದಾಳೆ, ಅದೇ ಶಾಲೆಗೆ. ಬೇರೆ ಶಾಲೆಗೆ ಹಾಕೋಣವೆಂದರೆ ಒಪ್ಪಲಿಲ್ಲ. ಜೊತೆಯವರೆಲ್ಲ ಮುಂದೆ ಹೋಗಿದ್ದಾರೆ, ಪಕ್ಕದಲ್ಲಿ ಕೂರುವವರು ಇವಳಿಗಿಂತ ಚಿಕ್ಕವರು. ಎಡಗೈಯಲ್ಲಿ ಬರೆಯುತ್ತಾಳೆ, ಅಕ್ಷರ ಗೋಡೆ ಹತ್ತುವ ಹಲ್ಲಿಯ ಹಾಗೆ ಮೇಲೆ ಮೇಲೆ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆ ಸುಸ್ತಾಗಿ ಡೆಸ್ಕಿನ ಮೇಲೇ ಮಲಗಿಬಿಡುತ್ತಾಳೆ. ಹೆಡ್‌ಮಾಸ್ಟರು ನನ್ನನ್ನು ಕರೆಸಿ, "ಇವಳು ಪರೀಕ್ಷೆಗೆ ಕೂತ್ರೆ ನಮ್ಮ ರಿಸಲ್ಟ್ ಕಥೆ ಏನ್ರೀ? ಮುಂದಿನ ವರ್ಷ ನೋಡಾಣ," ಎಂದರು. ಅವರ ತಲೆಯ ಹಿಂದೆಯೇ ಆ ಗಾಜಿನ ಬೀರು. ನಾನು ಬಾಯಿ ತೆರೆಯುವುದರೊಳಗೆ ಮಗಳು ನನ್ನ ಸೆರಗು ಹಿಡಿದು ಜಗ್ಗಿದಳು.

"ನಾನು... ಬರೀತೀನಿ ಸರ್," ಎಂದಳು. "ಈ ವರ್ಷನೇ."

ಅವರು ನನ್ನ ಮುಖ ನೋಡಿದರು. "ಅವಳ ಮುಖ ನೋಡ್ಕೊಂಡು ಮಾತಾಡ್ರಿ," ಎಂದೆ.

ಬರೆಯುತ್ತಾಳೆ. ಪಾಸಾಗುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಗಣಿತದ ಲೆಕ್ಕ ಅರ್ಧಕ್ಕೆ ಬಂದಾಗ ತಾನು ಹೇಗೆ ಶುರು ಮಾಡಿದ್ದೆನೆಂಬುದೇ ಅವಳಿಗೆ ಮರೆತುಹೋಗುತ್ತದೆ. ಆಗ ಪುಸ್ತಕ ಎಸೆಯುತ್ತಾಳೆ. ಈಗ ನಾನು ಎತ್ತಿಕೊಡುವುದಿಲ್ಲ. ಬೈದುಕೊಂಡು, ಗೋಡೆ ಹಿಡಿದುಕೊಂಡು, ಬಗ್ಗಿ ತಾನೇ ಎತ್ತಿಕೊಂಡು ಬಂದು ಮತ್ತೆ ಕೂರುತ್ತಾಳೆ.