ಆ ಗಂಟಲು ತೆಗೆದುಹಾಕು

ನಮ್ಮತ್ತೆ ರೇಡಿಯೋದಲ್ಲಿ ಹಾಡಿದವರು ಎನ್ನುವುದನ್ನು ನಾನು ಮದುವೆಯಾಗಿ ತಣಿಸಂದ್ರದ ಆ ಮನೆಗೆ ಬಂದ ದಿನವೇ ಕೇಳಿದೆ. ಹೊಸಿಲ ಮೇಲಿನ ಅಕ್ಕಿ ಒದ್ದು ಒಳಗೆ ಬಂದಿದ್ದೆ. ದೇವರ ಮುಂದೆ ಒಂದು ಹಾಡು ಹೇಳು ಎಂದರು. ಆರ್.ಟಿ. ನಗರದಲ್ಲಿ ಬೆಳೆದ ನನಗೆ ಸ್ಕೂಲಿನ ಪ್ರಾರ್ಥನೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅದನ್ನೇ ಶುರುಮಾಡಿದೆ. ಅರ್ಧಕ್ಕೆ ಬರುವ ಮೊದಲೇ ಅತ್ತೆ, "ಸಾಕು ಬುಡಮ್ಮ, ದೇವ್ರು ಎದ್ದೋಗ್ಬುಟ್ಟಾನು," ಎಂದರು. ನೆಂಟರೆಲ್ಲ ನಕ್ಕರು. ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, ಒಬ್ಬ ಮುದುಕಿ, "ನಿಮ್ಮತ್ತೆ ರೇಡಿಯೋನಾಗೆ ಪದ ಏಳ್ದೋಳು ಕಣವ್ವ. ಅವ್ಳ ಮುಂದೆ ಯಾರು ನಿಂತ್ಕೋತಾರೆ?" ಎಂದು ಸಮಾಧಾನ ಮಾಡಿದಳು.

ಆಮೇಲೆ ಆ ರೇಡಿಯೋ ನನ್ನ ಬೆನ್ನು ಬಿಡಲಿಲ್ಲ. ಮುದ್ದೆಯಲ್ಲಿ ಗಂಟು ಉಳಿದರೂ, ಬಟ್ಟೆ ಒಗೆಯುವಾಗ ನಾನು ಬಾಯಲ್ಲಿ ಏನಾದರೂ ಗುನುಗಿದರೂ ಅದೇ ಮಾತು. ರೇಡಿಯೋದವರು ಊರ ಹೆಂಗಸರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿದ್ದರಂತೆ. ಅತ್ತೆ ಮುಂದೆ ನಿಂತು ಹೇಳಿದರಂತೆ, ಮಿಕ್ಕವರು ಹಿಂದೆ ಸೊಲ್ಲು ಎತ್ತಿಕೊಂಡರಂತೆ. ನನ್ನ ಗಂಡ ಆಗ ಇನ್ನೂ ಕಂಕುಳ ಕೂಸು. ಅವರು ಬೆಳೆದದ್ದೂ ಈ ಮಾತು ಕೇಳಿಕೊಂಡೇ. ಆ ಹಾಡು ರೇಡಿಯೋದಲ್ಲಿ ಬಂದದ್ದನ್ನು ಕಿವಿಯಾರೆ ಕೇಳಿದ ಯಾರನ್ನೂ ನಾನು ಕಂಡಿರಲಿಲ್ಲ.

ಅಂದು ಅಲ್ಲಿ ನಡೆದದ್ದನ್ನು ಬಲ್ಲವರು ಮಾತ್ರ ಒಬ್ಬರಿದ್ದರು. ಗೋಡೆಯಾಚೆ ಮನೆಯ ದೊಡ್ಡತ್ತೆ, ಅಂದರೆ ನಮ್ಮ ಮಾವನವರ ಅಣ್ಣನ ಹೆಂಡತಿ. ಅವರೂ ಅಂದು ವ್ಯಾನಿನಲ್ಲಿ ಹೋಗಿದ್ದವರೇ. ಆದರೆ ವಾರಗಿತ್ತಿಯರಿಬ್ಬರಿಗೂ ಮಾತಿರಲಿಲ್ಲ. ಮನೆ ಭಾಗವಾದದ್ದಕ್ಕೆ ಮಾತು ನಿಂತಿತು ಎಂದು ನನ್ನ ಗಂಡ ಹೇಳುತ್ತಿದ್ದರು. ಅತ್ತೆ ಅವರನ್ನು ಅಕ್ಕ ಎಂದು ಕರೆದದ್ದನ್ನು ನಾನು ಕೇಳಿಲ್ಲ. "ಗೋಡೆ ಆಚೆಯೋಳು" ಎನ್ನುತ್ತಿದ್ದರು, ಅಷ್ಟೆ.

ನಾನು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಒಂದು ಪ್ರೆಸ್ಸಿಗೆ ಮದುವೆ ಕಾರ್ಡು, ಕರಪತ್ರ ಟೈಪ್ ಮಾಡಿಕೊಡುತ್ತಿದ್ದೆ. ಕೆಲಸ ಮಾಡುತ್ತ ಕೇಳಲೆಂದು ರೇಡಿಯೋ ನಾಟಕಗಳನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಳ್ಳುವ ಹುಚ್ಚು ಹತ್ತಿತ್ತು. ಎರಡೂ ಕಡೆ ಪಿನ್ನಿರುವ ಒಂದು ವೈರು ತಂದು, ಒಂದು ತುದಿಯನ್ನು ರೇಡಿಯೋದ ಇಯರ್‌ಫೋನ್ ತೂತಿಗೆ, ಇನ್ನೊಂದನ್ನು ಸಿ.ಪಿ.ಯು. ಬೆನ್ನಿನ ನೀಲಿ ತೂತಿಗೆ ಸಿಕ್ಕಿಸಿದರೆ ಆಯಿತು. ಪರದೆಯ ಮೇಲೆ ದನಿ ಗೆರೆಗೆರೆಯಾಗಿ ಏಳುತ್ತಿತ್ತು. ಸದ್ದು ಹೆಚ್ಚಿಟ್ಟರೆ ಗೆರೆಯ ನೆತ್ತಿ ಕತ್ತರಿಸಿದ ಹಾಗಾಗಿ ದನಿ ಒಡೆಯುತ್ತಿತ್ತು. ಕಡಿಮೆ ಇಟ್ಟರೆ ಬರೀ ಗೊರಗೊರ. ಟ್ಯೂಬ್‌ಲೈಟ್ ಹಾಕಿದರೂ ಗೊರಗೊರ, ಬೋರ್‌ವೆಲ್ ಮೋಟರ್ ಹಾಕಿದರೂ ಗೊರಗೊರ. ನಾಟಕ ಬರುವ ಹೊತ್ತಿಗೇ ಅತ್ತೆಗೆ ತೊಟ್ಟಿ ತುಂಬಿಸುವ ನೆನಪಾಗುತ್ತಿತ್ತು. "ಆ ಪೆಟ್ಗೆ ಮುಂದೆ ಕುಂತ್ರೆ ಒಟ್ಟೆ ತುಂಬ್ತದಾ?" ಎಂದು ಸ್ವಿಚ್ ಒತ್ತಿ ಹೋಗುತ್ತಿದ್ದರು. ಹೀಗೆ ಎಷ್ಟೋ ನಾಟಕ ಹಾಳಾದವು.

ಅಂಥವರೇ ಒಂದು ದಿನ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಮುಂದಿನ ವಾರ ಬೆಂಗಳೂರು ಉತ್ತರದ ಹಳ್ಳಿಗಳ ಹೆಂಗಸರ ಹಳೆಯ ಪದಗಳನ್ನು ಹಾಕುತ್ತೇವೆ ಎಂದು ರೇಡಿಯೋದಲ್ಲಿ ಹೇಳಿದ್ದರಂತೆ.

"ನಮ್ದೇ ಕಣೆ ಅದು," ಎಂದರು. "ಅದನ್ನ ಆ ಪೆಟ್ಗೆನಾಗೆ ಇಡ್ದಿಕ್ಕು. ನನ್ ಮಗ್ಳಿಗೂ ಒಂದು ಬೇಕು."

"ಮೋಟರ್ ಹಾಕ್ಬೇಡಿ ಅವತ್ತು," ಎಂದೆ.

"ನಾನ್ಯಾಕೆ ಆಕ್ಲಿ?" ಎಂದರು, ಯಾವತ್ತೂ ಹಾಕದವರ ಹಾಗೆ.

ಅಂದು ಅವರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ನನ್ನ ಕೋಣೆಗೆ ಬಂದರು. ಬ್ಯಾಟರಾಯನಪುರದಿಂದ ನಾದಿನಿ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ನನ್ನ ಗಂಡನೂ ಬಾಡಿಗೆಮನೆಗಳ ಕೆಲಸ ಬಿಟ್ಟು ಬಂದು ಕೂತರು. ರೇಡಿಯೋವನ್ನು ಕಿಟಕಿಯ ಹತ್ತಿರ ಇಟ್ಟು, ಲೈಟು ಆರಿಸಿ, ನಾನು ರೆಕಾರ್ಡಿಂಗ್ ಶುರುಮಾಡಿದೆ. ಕಂಪ್ಯೂಟರಿನ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು. ಬೇರೆ ಊರಿನವರ ಎರಡು ಪದ ಮುಗಿದವು. ಆಮೇಲೆ ಕಾರ್ಯಕ್ರಮ ನಡೆಸುವವರು ನಮ್ಮ ಊರಿನ ಹೆಸರು ಹೇಳಿದರು. ಅದರ ಬೆನ್ನಿಗೇ ದೊಡ್ಡತ್ತೆಯ ಹೆಸರು ಹೇಳಿ, "ಮತ್ತು ಸಂಗಡಿಗರು" ಎಂದರು.

ಪದ ಶುರುವಾಯಿತು. ಮುಂದಿನ ದನಿ ದೊಡ್ಡತ್ತೆಯದು. ಗೋಡೆಯಾಚೆಯಿಂದ ದಿನಾ ಕೇಳುವ ದನಿ, ಆಗಿನ ವಯಸ್ಸಿನಲ್ಲಿ ಇನ್ನೂ ತೆಳ್ಳಗೆ, ಒಂದು ಚೂರೂ ಅಲುಗದೆ ಏರುತ್ತಿತ್ತು. ಹಿಂದೆ ಗುಂಪು ಸೊಲ್ಲು ಎತ್ತಿಕೊಳ್ಳುವಾಗ, ದೂರದಲ್ಲಿ, ಎಲ್ಲರಿಗಿಂತ ಗಟ್ಟಿಯಾಗಿ ಒಂದು ಗಂಟಲು. ಅದು ಅತ್ತೆಯದು.

ನನಗೆ ಅಯ್ಯೋ ಅನ್ನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಳಗೊಳಗೇ ಹಿಗ್ಗಿದೆ. ಇಷ್ಟು ವರ್ಷ ಯಾವುದರಿಂದ ನನ್ನನ್ನು ಹೊಡೆದರೋ ಅದು ನನ್ನ ಕಣ್ಣೆದುರೇ ಮುರಿದುಬಿದ್ದಿತ್ತು. ಅತ್ತೆಯ ಮುಖ ನೋಡಿದೆ. ಅವರು ಸ್ಪೀಕರನ್ನೇ ನೋಡುತ್ತಿದ್ದರು. ಪದ ಪೂರ್ತಿ ಮುಗಿಯುವ ಮೊದಲೇ ದನಿಯನ್ನು ಇಳಿಸಿ ಕಾರ್ಯಕ್ರಮ ಮುಗಿಸಿಬಿಟ್ಟರು.

ಮಾರನೆಯ ದಿನ ಅತ್ತೆ ಮತ್ತೆ ಬಂದರು. ಕೂರಲಿಲ್ಲ.

"ಆ ಗಂಟ್ಲು ತೆಗ್ದಾಕು."

"ಯಾವ್ದು?"

"ಅದೇ, ಗೋಡೆ ಆಚೆಯೋಳ್ದು. ಅದನ್ನ ತೆಗ್ದು ನಂದು ಮುಂದಕ್ಕಿಕ್ಕು. ಇಷ್ಟೆಲ್ಲ ಒತ್ತೀಯಲ್ಲ, ಅದು ಆಗಾಕಿಲ್ವಾ?"

"ಆಗಲ್ಲ ಅತ್ತೆ. ಎಲ್ಲಾ ದನಿನೂ ಒಂದರಲ್ಲೇ ಸೇರಿದೆ. ಅವ್ರದ್ದು ತೆಗೆದ್ರೆ ನಿಮ್ದೂ ಹೋಗತ್ತೆ."

ಆಗುವುದಿಲ್ಲ ಎನ್ನುವುದು ನಿಜ. ಅದನ್ನು ಹೇಳುವಾಗ ನನ್ನ ದನಿಯಲ್ಲಿ ಖುಷಿ ಇದ್ದದ್ದೂ ನಿಜ. ಅವರಿಗೆ ಅದು ಕೇಳಿಸಿತು. ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು.

"ಸೇರ್ಸಾಕೆ ಬತ್ತದೆ, ತೆಗ್ಯಾಕೆ ಬರಾಕಿಲ್ಲ. ಅಂಗೋ?" ಎಂದು ಹೊರಟುಹೋದರು.

ಆ ಮಾತು ನನಗೆ ಅರ್ಥವಾಗಲು ಒಂದು ವಾರ ಬೇಕಾಯಿತು. ನಾದಿನಿ ಫೋನ್ ಮಾಡಿ, "ಅತ್ಗೆ, ನಿಜ ಹೇಳಿ, ಕಂಪ್ಯೂಟರಲ್ಲಿ ನೀವೇನಾದ್ರೂ ಚೇಂಜ್ ಮಾಡಿದ್ರಾ?" ಎಂದು ಕೇಳಿದಳು.

"ಏನ್ ಚೇಂಜು? ನೀನೂ ಅಲ್ಲೇ ಕೂತಿದ್ದೆಯಲ್ಲೇ!"

"ಕೂತಿದ್ದೆ. ಆದ್ರೆ ಬಂದಿದ್ದು ನಿಮ್ಮ ಕಂಪ್ಯೂಟರಿಂದ ತಾನೆ? ಅಮ್ಮ ಅಂತಾರೆ, ರೇಡಿಯೋದಲ್ಲಿ ಸರಿಯಾಗೇ ಬಂತು, ಪೆಟ್ಗೆ ಒಳಗೆ ಹೋಗಿ ಬದಲಾಯ್ತು ಅಂತ."

ನಾನು ದೊಡ್ಡತ್ತೆಯ ದನಿಯನ್ನು ಮೊದಲೇ ಕದ್ದು ತುಂಬಿಟ್ಟುಕೊಂಡು, ಅತ್ತೆಯ ಮಾನ ಕಳೆಯಲು ಅಂದು ಹಾಕಿದೆನಂತೆ. ನಾದಿನಿಯಿಂದ ಶುರುವಾದ ಮಾತು ನೆಂಟರ ಮನೆಗಳನ್ನೆಲ್ಲ ಸುತ್ತಿತು. ಹೆಬ್ಬಾಳದ ಚಿಕ್ಕಮ್ಮ ಒಬ್ಬರು ನನ್ನ ಕೈಯ ಕಾಫಿ ಕುಡಿಯುತ್ತಲೇ, "ಕಂಪ್ಯೂಟರ್ ಕಲ್ತೋರು ಏನ್ ಬೇಕಾದ್ರೂ ಮಾಡ್ತಾರೆ ಬಿಡಮ್ಮ," ಎಂದರು. ಗಂಡನಿಗೆ ಹೇಳಿದೆ. "ಅಮ್ಮಂಗೆ ವಯಸ್ಸಾಯ್ತು, ನೀನ್ಯಾಕೆ ತಲೆಗೆ ಹಚ್ಕೋತೀಯ?" ಎಂದರು. ಅಂದು ರೇಡಿಯೋದ ಪಕ್ಕವೇ ಕೂತು ಕೇಳಿದ್ದ ಮನುಷ್ಯ, ಅವಳು ಏನೂ ತಿದ್ದಿಲ್ಲಮ್ಮ ಎನ್ನುವ ಒಂದು ಮಾತನ್ನು ಆಡಲಿಲ್ಲ.

ನನಗೆ ಸಿಟ್ಟು ಬಂದರೆ ಅಳು ಬರುವುದಿಲ್ಲ, ಕೆಲಸ ಬರುತ್ತದೆ. ಆ ಪದವನ್ನು ಒಂದು ಸಿ.ಡಿ.ಗೆ ಹಾಕಿಕೊಂಡು, ಹಗಲು ಹೊತ್ತಿನಲ್ಲೇ, ಎಲ್ಲರಿಗೂ ಕಾಣುವ ಹಾಗೆ ದೊಡ್ಡತ್ತೆಯ ಮನೆಗೆ ಹೋದೆ.

ದೊಡ್ಡತ್ತೆ ಅವರೆಕಾಳು ಸುಲಿಯುತ್ತ ಕೂತಿದ್ದರು. ಬಾ ಎನ್ನಲಿಲ್ಲ. ವಿಷಯ ಹೇಳಿದ ಮೇಲೆ ಟಿ.ವಿ. ಕಡೆ ಕೈ ತೋರಿಸಿದರು. ಸಿ.ಡಿ. ಹಾಕಿದೆ. ಪೂರ್ತಿ ಕೇಳಿದರು, ಕಾಳು ಸುಲಿಯುವುದನ್ನು ನಿಲ್ಲಿಸದೆ.

"ಗೊರಗೊರ ಅಂತದಲ್ಲ," ಎಂದರು.

"ಮೀಡಿಯಂ ವೇವ್ ದೊಡ್ಡತ್ತೆ, ಸ್ವಲ್ಪ ಹಾಗೇ."

ಇನ್ನೊಂದು ಕಾಯಿ ಸುಲಿದು ತಾವಾಗಿಯೇ ಮಾತು ತೆಗೆದರು. "ಪದ ಅವ್ಳ್ದೇ. ಅವ್ಳ ತವರೂರ ಕಡೇದು. ನಮ್ಗೆಲ್ಲ ಏಳ್ಕೊಟ್ಟೋಳೂ ಅವ್ಳೇ. ಅಲ್ಲಿ ಓದ್ಮ್ಯಾಕೆ ರೇಡಿಯೋದೋನು, ನಿಮ್ಮ ಗಂಟ್ಲು ಜೋರಾಯ್ತು, ಮೈಕು ಒಡ್ದೋಯ್ತದೆ ಅಂತ ಅವ್ಳನ್ನ ಗೋಡೆತಾಕೆ ಕಳ್ಸಿ ನನ್ನ ಮುಂದಕ್ಕೆ ನಿಲ್ಸ್ದ."

"ನೀವು ಬೇಡ ಅನ್ನಲಿಲ್ವಾ?"

"ನಾನ್ಯಾಕನ್ಲಿ? ಪದ ಅವ್ಳ್ದು, ಗಂಟ್ಲು ನಂದು." ಕಾಳಿನ ಪಾತ್ರೆ ಎತ್ತಿಕೊಂಡು ಎದ್ದರು. "ವಾಪಸ್ ಬರೋವಾಗ ವ್ಯಾನ್ನಾಗೆ ಮಾತು ಬುಟ್ಲು. ಅವತ್ತಿಂದ ಇಲ್ಲ."

ಸಿ.ಡಿ.ಯನ್ನು ವಾಪಸ್ಸು ತೆಗೆದುಕೊಂಡು ಬರಬಹುದಿತ್ತು. ಆ ಹೊತ್ತಿಗೆ ನನಗೆ ಇಬ್ಬರ ನ್ಯಾಯವೂ ಬೇಕಿರಲಿಲ್ಲ. ನಾನು ತಿದ್ದಿಲ್ಲ ಎನ್ನುವುದು ಊರಿಗೆ ಗೊತ್ತಾಗಬೇಕಿತ್ತು. ಅಲ್ಲೇ ಬಿಟ್ಟು ಬಂದೆ.

ಕೆಲವು ತಿಂಗಳ ಮೇಲೆ ದೊಡ್ಡತ್ತೆಯ ಮಕ್ಕಳು ಎರಡು ರಸ್ತೆ ಆಚೆ ಕಟ್ಟಿಸಿದ ಬಾಡಿಗೆ ಕಟ್ಟಡದ ಗೃಹಪ್ರವೇಶವಿತ್ತು. ಮಾತಿಲ್ಲದಿದ್ದರೂ ಶುಭಕಾರ್ಯಕ್ಕೆ ಹೋಗದಿದ್ದರೆ ಆಗುತ್ತದೆಯೇ? ಅತ್ತೆಯೂ ಬಂದರು. ಶಾಮಿಯಾನದಡಿ ಊಟಕ್ಕೆ ಕೂತಿದ್ದೆವು. ಎಲೆಗೆ ಪಲ್ಯ ಬಿದ್ದಿತ್ತು. ಮೈಕ್‌ಸೆಟ್‌ನವನು ಸಿನಿಮಾ ಹಾಡು ನಿಲ್ಲಿಸಿ ಇನ್ನೊಂದು ಹಾಕಿದ. ಕಂಬಕ್ಕೆ ಕಟ್ಟಿದ ಸ್ಪೀಕರುಗಳಿಂದ ನಮ್ಮ ಊರಿನ ಹೆಸರು, ದೊಡ್ಡತ್ತೆಯ ಹೆಸರು, ಮತ್ತು ಸಂಗಡಿಗರು. ನಾನು ಕೊಟ್ಟ ಸಿ.ಡಿ. ಅದು. ಗೊರಗೊರವೂ ಹಾಗೇ ಇತ್ತು.

ಅತ್ತೆ ಎಲೆ ಮುಂದಿನಿಂದ ಎದ್ದರು. ಬಡಿಸುತ್ತಿದ್ದವರು ನಿಂತುಬಿಟ್ಟರು. ನೆಟ್ಟಗೆ ಮೈಕ್‌ಸೆಟ್‌ನವನ ಹತ್ತಿರ ಹೋಗಿ, "ನಿಲ್ಸೋ ಅದನ್ನ," ಎಂದರು. ಅವನು ಯಜಮಾನರ ಕಡೆ ನೋಡಿದ. ಬಾಗಿಲಲ್ಲಿ ನಿಂತಿದ್ದ ದೊಡ್ಡತ್ತೆ, "ಬುಡು, ಓಡ್ಲಿ," ಎಂದರು.

ಅತ್ತೆ ಅಲ್ಲೇ ಸೊಂಟಕ್ಕೆ ಸೆರಗು ಬಿಗಿದು ಹಾಡಲು ಶುರುಮಾಡಿದರು. ಸ್ಪೀಕರುಗಳ ಮೇಲೆಯೇ. ವಯಸ್ಸಾದ ಗಂಟಲು ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ, ಆದರೂ ರೇಡಿಯೋ ದನಿ ಅದರಡಿ ಸಿಕ್ಕಿಕೊಂಡಿತು. ಮುಂದಿನ ಸಾಲನ್ನೂ ಅವರೇ ಹೇಳಿದರು, ಹಿಂದಿನ ಸೊಲ್ಲನ್ನೂ ಅವರೇ ಎತ್ತಿಕೊಂಡರು. ಸಿ.ಡಿ.ಯಲ್ಲಿ ಪದ ಅರ್ಧಕ್ಕೆ ಕರಗಿ ನಿಂತಿತು. ಅತ್ತೆ ನಿಲ್ಲಲಿಲ್ಲ. ಯಾರೂ ಕೇಳಿರದ ನುಡಿಗಳು ಒಂದರ ಹಿಂದೆ ಒಂದು ಬಂದವು. ಬಂದವರ ಕೈಯಲ್ಲಿ ತುತ್ತು ಹಾಗೇ ಇತ್ತು. ಮುಗಿಸಿ, ದೊಡ್ಡತ್ತೆಯ ಕಡೆ ತಿರುಗಿ, "ಇಷ್ಟೈತೆ ಪದ. ಇವ್ಳಿಗೆ ಬರಾಕಿಲ್ಲ," ಎಂದರು.

"ಬತ್ತದೆ," ಎಂದರು ದೊಡ್ಡತ್ತೆ. "ಉಣ್ಣೋ ಒತ್ನಾಗೆ ಬಾಯಿ ಮಾಡ್ಬಾರ್ದು ಅಂತ ಸುಮ್ಕಿದ್ದೀನಿ."

ವರ್ಷಗಳ ಮೇಲೆ ಅವರಿಬ್ಬರು ಆಡಿದ ಮಾತು ಅಷ್ಟೇ.

ಅತ್ತೆ ಊಟ ಮಾಡದೆ ಹೊರಟರು. ಗಂಡ ನನಗೆ ಕಣ್ಸನ್ನೆ ಮಾಡಿದರು, ನಾನು ಹಿಂದೆ ಹೋದೆ. ರಸ್ತೆಯ ತಿರುವಿನಲ್ಲಿ ನಿಂತು ಅವರು ಕೇಳಿದರು.

"ಕೊಟ್ಟೋಳು ನೀನೇ ತಾನೆ?"

"ಹೌದು, ನಾನೇ."

"ಯಾಕೆ?"

"ನಾನು ತಿದ್ದಿದೀನಿ ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದ್ರಲ್ಲ, ಅದಕ್ಕೆ."

"ನೀನು ತಿದ್ದಿಲ್ಲ ಅಂತ ನಂಗೊತ್ತಿಲ್ವಾ?" ಎಂದರು. "ಅಲ್ಲಿದ್ದೋಳು ನಾನು."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಗೊತ್ತಿದ್ದೂ ನನ್ನ ಹೆಸರು ಕೆಡಿಸಿದರಲ್ಲ ಎಂಬ ಸಿಟ್ಟಿಗೆ ಅವರನ್ನು ಅಲ್ಲೇ ಬಿಟ್ಟು ವಾಪಸ್ ಹೋದೆ.

ಆ ತಿಂಗಳೇ ಅವರು ಮಹಡಿ ಮೇಲಿನ ಕೋಣೆಗೆ ಒಲೆ ಹಾಕಿಸಿಕೊಂಡರು. ನನ್ನ ಗಂಡನ ಊಟ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ನನ್ನ ಅಡಿಗೆಯನ್ನು ಅತ್ತೆ ಮುಟ್ಟಲಿಲ್ಲ, ನಾನೂ ಕಳಿಸಲಿಲ್ಲ. ನೆಂಟರಲ್ಲಿ ಕೆಲವರು ಈಗಲೂ ತಪ್ಪು ನನ್ನದೇ ಎನ್ನುತ್ತಾರೆ. ತಿದ್ದಿದೆ ಎನ್ನುವುದನ್ನು ಬಿಟ್ಟಿದ್ದಾರೆ, ಕೊಟ್ಟೆ ಎನ್ನುವುದನ್ನು ಹಿಡಿದಿದ್ದಾರೆ. ಕಂಪ್ಯೂಟರ್ ಬದಲಾಯಿಸಿದಾಗ ನಾಟಕಗಳ ಜೊತೆ ಆ ಪದವೂ ಹೊಸದಕ್ಕೆ ಬಂತು. ಅಳಿಸಿಲ್ಲ, ಹಾಕಿ ಕೇಳಿಯೂ ಇಲ್ಲ.

ಗೃಹಪ್ರವೇಶದ ಮೇಲೆ ಅತ್ತೆಯ ಹೆಸರು ಮಾತ್ರ ಏರಿತು. ಸೀಮಂತ, ನಾಮಕರಣ ಎಂದರೆ ಆ ಪದ ಹೇಳಿ ಎಂದು ಹೆಂಗಸರು ಸುತ್ತ ಕೂರುತ್ತಾರೆ. ಅವರು ಮೊದಲು ನಾನು ಎಲ್ಲಿದ್ದೇನೆ ಎಂದು ನೋಡುತ್ತಾರೆ. ನಾನು ಆಚೆ ಹೋಗುವವರೆಗೂ ಬಾಯಿ ತೆರೆಯುವುದಿಲ್ಲ. ಸಾಮಾನ್ಯವಾಗಿ ಎದ್ದು ಹೋಗುತ್ತೇನೆ. ನಾದಿನಿಯ ಮಗಳ ಸೀಮಂತದಲ್ಲಿ ಮಾತ್ರ ಬೇಕೆಂದೇ ಹೋಗಲಿಲ್ಲ. ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತೆ. ಹುಡುಗಿ, "ಅತ್ತೆ, ಸ್ವಲ್ಪ ಆಚೆ ಹೋಗಿ, ಪ್ಲೀಸ್," ಎಂದು ನನ್ನ ಕೈ ಹಿಡಿದಳು. ನಮ್ಮತ್ತೆ ಗಂಟಲು ನೋವು ಎಂದರು. ನಾನು ಅಡಿಕೆ ಕತ್ತರಿಸುತ್ತಲೇ ಇದ್ದೆ. ಅಂದು ಯಾರಿಗೂ ಆ ಪದ ಕೇಳಸಿಗಲಿಲ್ಲ.