ಅತ್ತಿಗೆಯ ಸೈಕಲ್ ಭಾನುವಾರಗಳು

ಮನೆಯೊಳಗೆ ಕಾಲಿಡುವ ಮುಂಚೆ ಅತ್ತಿಗೆ ಹಿತ್ತಲ ನಲ್ಲಿಯ ಹತ್ತಿರ ನಿಂತು ಮುಖಕ್ಕೆ ನೀರೆರಚಿಕೊಳ್ಳುತ್ತಿದ್ದರು. ಗಾಳಿಗೆ ಕೆದರಿದ ಕೂದಲನ್ನು ಒದ್ದೆ ಕೈಯಿಂದ ಒತ್ತಿ ಒತ್ತಿ ಕೂರಿಸುತ್ತಿದ್ದರು. ಬಲಗಾಲಿಗೆ ಮೆತ್ತಿದ ಚೈನಿನ ಗ್ರೀಸನ್ನು ಸೋಪು ಹಚ್ಚಿ ಉಜ್ಜಿ, ವೇಲಿನ ತುದಿಯಲ್ಲಿ ಮುಖ ಒರೆಸಿಕೊಂಡು, ಕೊನೆಗೆ ಆ ಮುಖವನ್ನು ಸುಸ್ತಾದವರ ಹಾಗೆ ಸ್ವಲ್ಪ ಜೋಲು ಬಿಟ್ಟುಕೊಂಡು ಒಳಗೆ ಬರುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ನನಗೆ ಇದೆಲ್ಲ ಕಾಣುತ್ತಿತ್ತು. ಹೊರಗಿನಿಂದ ಬಂದವರು ಕೈಕಾಲು ತೊಳೆಯುವುದು ಇದ್ದದ್ದೇ ಅಂದುಕೊಂಡಿದ್ದೆ. ಅವರು ತೊಳೆದುಕೊಳ್ಳುತ್ತಿದ್ದದ್ದು ಖುಷಿಯನ್ನು ಅಂತ ಗೊತ್ತಾಗಲು ನನಗೆ ಬಹಳ ದಿನ ಬೇಕಾಯಿತು.

ನಮ್ಮಣ್ಣ ಆಲ್ದೂರಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಅವನಿಗೆ ಇದ್ದ ಒಂದೇ ಹುಚ್ಚು ಸೈಕಲ್ಲು. ಆದರೆ ನಮ್ಮ ಕಡೆ ಸೈಕಲ್ ಹೊಡೆಯುವುದೆಂದರೆ ಅರ್ಧ ದಾರಿ ತಳ್ಳುವುದು, ಇನ್ನರ್ಧ ದಾರಿ ಬ್ರೇಕು ಹಿಡಿಯುವುದು. ಅದಕ್ಕೇ ಹಣ್ಣು ಕೊಯ್ಲು ಮುಗಿದ ಮೇಲೆ ಅವನು ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿಸಿಕೊಂಡು ತರೀಕೆರೆ ಕಡೆಯ ಬಯಲಿಗೆ ಇಳಿದುಬಿಡುತ್ತಿದ್ದ. ಅಲ್ಲಿ ಭದ್ರಾ ಚಾನೆಲ್ಲಿನ ಏರಿಯ ಮೇಲೆ, ನೀರು ಹೋದ ಕಡೆಗೆ ತಾನೂ ನಿಧಾನವಾಗಿ ಹೋಗುತ್ತಾ, ಹಸಿವಾದಲ್ಲಿ ಇಳಿಯುತ್ತಾ, ಸಂಜೆಗೆ ಎಲ್ಲೋ ಒಂದು ಊರಲ್ಲಿ ಬಸ್ಸು ಹತ್ತಿ ವಾಪಸು ಬರುತ್ತಿದ್ದ. “ಇಲ್ಲಿ ನಾವು ಸೈಕಲ್ ಹೊರ್ಬೇಕು, ಅಲ್ಲಿ ಸೈಕಲ್ ನಮ್ಮನ್ನ ಹೊರ್ತದೆ ಮಾರಾಯ್ತಿ” ಅನ್ನುತ್ತಿದ್ದ.

ಒಂದು ಮಳೆಗಾಲ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಮಾತು ಮಾತ್ರ ಸ್ವಲ್ಪ ತೊದಲುತ್ತಾ ಉಳಿಯಿತು. ಎಸ್ಟೇಟಿನ ಕ್ವಾರ್ಟರ್ಸ್ ಬಿಟ್ಟು, ಆಸ್ಪತ್ರೆಗೆ ಹತ್ತಿರವಾಗಲಿ ಅಂತ ಚಿಕ್ಕಮಗಳೂರಿಗೆ ಬಂದು, ನನ್ನ ಟೈಲರಿಂಗ್ ಅಂಗಡಿಯ ಹಿಂದಿನ ಬೀದಿಯಲ್ಲೇ ಮನೆ ಮಾಡಿದರು. ಅವರಿಗೆ ಮಕ್ಕಳಿರಲಿಲ್ಲ. ಅಣ್ಣನನ್ನು ಎತ್ತುವುದು, ಕೂರಿಸುವುದು, ಮೈ ಒರೆಸುವುದು ಎಲ್ಲ ಅತ್ತಿಗೆಯ ಪಾಲಿಗೇ ಬಂತು. ಸಣ್ಣ ದೇಹದ ಹೆಂಗಸು, ಅವನೋ ಆರಡಿ ಆಳು. ಒಂದು ದಿನವೂ ಅವರ ಬಾಯಲ್ಲಿ ಗೊಣಗು ಕೇಳಿದ್ದಿಲ್ಲ. ಹಾಗಂತ ದೇವತೆಯೇನಲ್ಲ. ನಾನು ಸಾರಿಗೆ ಉಪ್ಪು ಜಾಸ್ತಿ ಹಾಕಿದರೆ ಮೂರು ದಿನ ನೆನಪಿಸುತ್ತಿದ್ದರು.

ಜನವರಿ ಬಂದರೆ ಅಣ್ಣನಿಗೆ ತಳಮಳ ಶುರು. ಬೇಸಿಗೆ ಬೆಳೆಗೆ ಚಾನೆಲ್ಲಿಗೆ ನೀರು ಬಿಟ್ಟರಾ, ಏರಿ ಮೇಲಿನ ಹುಲ್ಲು ಸವರಿದರಾ ಅಂತ ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದ. ಮನೆಗೆ ಬಂದುಹೋಗುವ ಯಾರಿಗೆ ಅದೆಲ್ಲ ಗೊತ್ತಿರುತ್ತದೆ? ಒಂದು ದಿನ ಹೆಂಡತಿಗೇ ಹೇಳಿದ: “ನಿಂಗೆ ಸೈಕಲ್ ಬರ್ತದಲ್ಲ, ಒಂದ್ಸಲ ಹೋಗಿ ನೋಡ್ಕೊಂಡು ಬಾರೆ. ಬಂದು ನಂಗೆ ಹೇಳು.”

ಅತ್ತಿಗೆ ಹುಟ್ಟಿದ್ದೇ ಆ ಕಡೆ, ಚಾನೆಲ್ ಪಕ್ಕದ ಒಂದು ಹಳ್ಳಿಯಲ್ಲಿ. ಸ್ಕೂಲಿಗೆ ಹೋಗಿದ್ದು ಅದೇ ಏರಿಯ ಮೇಲೆ, ಅಪ್ಪನ ಸೈಕಲ್ಲಿನಲ್ಲಿ. ತವರಿನವರು ಗದ್ದೆ ಮಾರಿ ಚದುರಿಹೋದ ಮೇಲೆ ಅವರಿಗೆ ಅಲ್ಲಿಗೆ ಹೋಗಲು ನೆಪವೇ ಉಳಿದಿರಲಿಲ್ಲ. ಆದರೂ ಅವರು ಮೂರು ಸಲ “ಬೇಡ” ಅಂದರು. ಕೊನೆಗೆ ಒಪ್ಪಿದ್ದು ಅಣ್ಣನ ಮುಖ ನೋಡಲಾರದೆ. ತಿಂಗಳಿಗೊಂದು ಭಾನುವಾರ ನಾನು ಅಂಗಡಿ ಮುಚ್ಚಿ ಅಣ್ಣನ ಹತ್ತಿರ ಇರುವುದು, ಅವರು ಮೊದಲ ಬಸ್ಸಿಗೆ ಹೋಗಿ ಕತ್ತಲಾಗುವ ಮುಂಚೆ ಬರುವುದು ಅಂತಾಯಿತು. ಅಣ್ಣನದು ಅಡ್ಡ ಪೈಪಿನ ಗಂಡಸರ ಸೈಕಲ್. ಸೀರೆಯಲ್ಲಿ ಆಗುವುದಿಲ್ಲ ಅಂತ ನಾನೇ ಅವರಿಗೆ ಜೀವಮಾನದ ಮೊದಲ ಚೂಡಿದಾರ್ ಹೊಲಿದುಕೊಟ್ಟೆ.

ಸಂಜೆ ಅತ್ತಿಗೆ ಬಂದ ಕೂಡಲೇ ಅಣ್ಣ ದಿಂಬಿಗೆ ಒರಗಿ ಕೂತು ಕೇಳುತ್ತಿದ್ದ, “ಹೇಗಿತ್ತು?”

“ಏನಿದೆ ಅಲ್ಲಿ, ಬರೀ ಧೂಳು. ಸೊಂಟ ಬಿದ್ದುಹೋಯ್ತು.”

ಆಮೇಲೆ ಅವನು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದರು. ನೀರು ಅರ್ಧ ಏರಿಗೆ ಬಂದಿದೆ, ನಾಟಿ ಮುಗಿಯುತ್ತಾ ಬಂದಿದೆ, ಬೆಳ್ಳಕ್ಕಿ ಬಹಳ ಇವೆ. ಆದರೆ ಪ್ರತಿಯೊಂದಕ್ಕೂ ಒಂದು ಕಷ್ಟ ಅಂಟಿಸಿಯೇ ಹೇಳುತ್ತಿದ್ದರು. ಬೆಳ್ಳಕ್ಕಿಯ ಜೊತೆ ಅಟ್ಟಿಸಿಕೊಂಡು ಬಂದ ನಾಯಿ, ನಾಟಿಯ ಜೊತೆ ಪಂಕ್ಚರ್. ಅಣ್ಣ “ಅಯ್ಯೋ ಪಾಪ” ಅನ್ನುತ್ತಾ ಕೇಳುತ್ತಿದ್ದ. ನನಗೂ ಪಾಪ ಅನ್ನಿಸುತ್ತಿತ್ತು. ಒಬ್ಬರೇ ಯಾಕೆ ಒದ್ದಾಡಬೇಕು ಅಂತ ಒಂದು ಭಾನುವಾರ ಬಾಡಿಗೆ ಸೈಕಲ್ ಹಿಡಿದು ನಾನೂ ಹೊರಟೆ. ಅಣ್ಣನ ಹತ್ತಿರ ಎಸ್ಟೇಟಿನ ಹಳೆಯ ಮೇಸ್ತ್ರಿಯೊಬ್ಬರನ್ನು ಕೂರಿಸಿದ್ದೆವು.

ಏರಿ ಹತ್ತಿದ ಮೇಲೆ ನಾನು ಕಂಡದ್ದು ಬೇರೆಯೇ ಹೆಂಗಸು. ಬೆನ್ನು ನೆಟ್ಟಗಾಯಿತು. ಎದುರಿಗೆ ಒಂದು ನರಪಿಳ್ಳೆ ಇಲ್ಲದಿದ್ದರೂ ಟ್ರಿಣ್ ಟ್ರಿಣ್ ಬೆಲ್ಲು. ಎಡಕ್ಕೆ ತುಂಬಿ ಹರಿಯುವ ನೀರು, ಬಲಕ್ಕೆ ಕಣ್ಣು ಮುಗಿಯುವವರೆಗೆ ಹಸಿರು ಗದ್ದೆ, ಅಡ್ಡಕ್ಕೆ ಒಂದು ಗುಡ್ಡವಿಲ್ಲ. ಗದ್ದೆಯಲ್ಲಿದ್ದವರನ್ನು ಕೂಗಿ ಮಾತಾಡಿಸುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ನಮ್ಮ ಹಾಗೇ “ಇದೆ” ಅನ್ನಲು ಕಲಿತಿದ್ದ ಬಾಯಿಗೆ ಅಲ್ಲಿ ತನ್ನಷ್ಟಕ್ಕೆ ತವರಿನ ಮಾತು ಬಂದುಬಿಟ್ಟಿತು: “ಏನಕ್ಕ, ಈ ಸಲ ನೀರು ಚೆಂದಾಗೈತಲ್ಲ?” ಮಧ್ಯಾಹ್ನ ತೂಬಿನ ಕಟ್ಟೆಯ ಮೇಲೆ ಕೂತು, ಕಾಲನ್ನು ಮೊಣಕಾಲವರೆಗೆ ನೀರಿಗೆ ಇಳಿಬಿಟ್ಟು, ಚಿತ್ರಾನ್ನ ತಿಂದರು. ನಾನು ಏದುಸಿರು ಬಿಡುತ್ತಾ ಅವರನ್ನೇ ನೋಡುತ್ತಿದ್ದೆ.

“ಇವ್ರಿಗೆ ಹೇಳ್ಬೇಡ ಕಣೇ” ಅಂದರು.

“ಯಾಕೆ ಅತ್ತಿಗೆ? ಕೇಳಿದ್ರೆ ಅಣ್ಣ ಖುಷಿ ಪಡ್ತಾನೆ.”

“ಅವ್ರ ಕಾಲು ಅಲ್ಲಿ ಹಂಗೆ ಬಿದ್ದಿರೋವಾಗ ನನ್ನ ಕಾಲಿಗೆ ಇಷ್ಟು ಖುಷಿ ಆಗ್ಬಾರದು. ಅವ್ರ ಕೆಲಸಕ್ಕೆ ಬಂದಿದೀನಿ ಅಂದ್ಕೊಂಡ್ರೆ ಹೆಂಗೋ ಬರಬೋದು. ನೀನು ಬಾಯಿ ಬಿಡ್ಬೇಡ.”

ಆಗಲಿ ಅಂದೆ. ಸಂಜೆ ಮತ್ತೆ ನಲ್ಲಿ, ಮತ್ತೆ ಜೋಲು ಮುಖ, ಮತ್ತೆ ಬರೀ ಧೂಳು. ನಾನು ಪಕ್ಕದಲ್ಲಿ ನಿಂತು ಹೌದು ಹೌದು ಅಂತ ತಲೆಯಾಡಿಸಿದೆ.

ಮುಂದಿನ ತಿಂಗಳ ಭಾನುವಾರ ಅಣ್ಣನ ಹತ್ತಿರ ನಾನೇ ಇದ್ದೆ. ಊಟ ಮಾಡಿಸುತ್ತಿದ್ದಾಗ ಅವನು ತುತ್ತನ್ನು ಬೇಡವೆಂದು ತಳ್ಳಿ ಹೇಳಿದ: “ಅವಳು ನನ್ನ ದೆಸೆಯಿಂದ ಸಾಯ್ತಾ ಇದಾಳೆ ಮಾರಾಯ್ತಿ. ತಿಂಗಳಿಡೀ ನನ್ನ ಚಾಕರಿ, ಸಿಕ್ಕ ಒಂದು ದಿನವೂ ನನ್ನ ಚಪಲಕ್ಕೆ ಬಿಸಿಲಲ್ಲಿ ಸೈಕಲ್ ತುಳೀಬೇಕು. ನಾನೆಂಥ ಮನುಷ್ಯ ಹೇಳು. ಸೈಕಲ್ ತಗೊಂಡ್ಹೋಗಿ ಅಂತ ಮೇಸ್ತ್ರಿಗೆ ಹೇಳಿ ಕಳ್ಸಿದೀನಿ. ನಾಳೆ ಬರ್ತಾರೆ.”

ಅವನ ಕಣ್ಣಲ್ಲಿ ನೀರಿತ್ತು. ನಾನು ತಟ್ಟೆ ಕೆಳಗಿಟ್ಟೆ. ಬಾಯಿ ಮುಚ್ಚಿಕೊಂಡರೆ ಸೈಕಲ್ ಹೋಗುತ್ತದೆ, ಅತ್ತಿಗೆಯ ಭಾನುವಾರವೂ ಹೋಗುತ್ತದೆ. ಬಾಯಿ ಬಿಟ್ಟರೆ ಅತ್ತಿಗೆಗೆ ಕೊಟ್ಟ ಮಾತು ಹೋಗುತ್ತದೆ. ಮಾತು ಹೋದರೆ ಹೋಗಲಿ ಅಂತ ಎಲ್ಲ ಹೇಳಿಬಿಟ್ಟೆ. ಬೆಲ್ಲು, ನೀರಿಗಿಳಿಬಿಟ್ಟ ಕಾಲು, ತವರಿನ ಮಾತು, ಯಾವುದನ್ನೂ ಬಿಡಲಿಲ್ಲ. ಅಣ್ಣ ಕೇಳುತ್ತಾ ಕೇಳುತ್ತಾ ನಕ್ಕ. ಲಕ್ವ ಹೊಡೆದ ಮೇಲೆ ಅವನು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಿಸಿ ಬರಬೇಡಿ ಅಂದ. ನಾನು ಹೇಳಿದೆ ಅಂತ ಅತ್ತಿಗೆಗೆ ಗೊತ್ತಾಗಬಾರದು ಅಂತ ಅವನಿಂದ ಮಾತು ತೆಗೆದುಕೊಂಡೆ. ಕೊಟ್ಟ ಮಾತನ್ನು ಆಗಷ್ಟೇ ಮುರಿದವಳು ನಾನು, ಇನ್ನೊಬ್ಬರಿಂದ ಮಾತು ತೆಗೆದುಕೊಂಡೆ ನೋಡಿ.

ಸಂಜೆ ಅತ್ತಿಗೆ ಬಂದರು. “ಹೇಗಿತ್ತು?” “ಬರೀ ಧೂಳು.” ಅಣ್ಣನಿಗೆ ತಡೆಯಲಾಗಲಿಲ್ಲ. ಮುಖದ ತುಂಬ ಪ್ರೀತಿ ತುಂಬಿಕೊಂಡೇ ಕೇಳಿದ: “ಆ ಧೂಳಲ್ಲಿ ಕಾಲು ಇಳಿಬಿಟ್ಕೊಂಡು ಚಿತ್ರಾನ್ನ ತಿಂತೀಯಂತೆ?”

ಅತ್ತಿಗೆ ನನ್ನ ಕಡೆ ಒಂದು ಸಲ ನೋಡಿದರು. ಸಿಟ್ಟಿನ ನೋಟವಲ್ಲ. ಸ್ನಾನದ ಮನೆಯ ಬಾಗಿಲನ್ನು ಯಾರೋ ತೆರೆದುಬಿಟ್ಟಾಗ ನೋಡುತ್ತಾರಲ್ಲ, ಹಾಗೆ. ಆಮೇಲೆ “ಹೌದು, ಚೆನ್ನಾಗಿತ್ತು” ಅಂತ ಅಣ್ಣನಿಗೆ ಮೆಲ್ಲಗೆ ಹೇಳಿ ಒಳಗೆ ಹೋಗಿ ಅಕ್ಕಿ ತೊಳೆದರು.

ಮುಂದಿನ ತಿಂಗಳು ಅವರಿಗೆ ಮಂಡಿನೋವು. ಅದರ ಮುಂದಿನ ತಿಂಗಳು ಯಾರದೋ ಮದುವೆ. ಆಮೇಲೆ ಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ ಅಣ್ಣನೇ ಬೇಡಿಕೊಂಡ, “ಖುಷಿಗೇ ಹೋಗು ಮಾರಾಯ್ತಿ, ನಾನೇ ಹೇಳ್ತಾ ಇದೀನಲ್ಲ.” ಅತ್ತಿಗೆ ಅವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ತಿಕ್ಕುತ್ತಲೇ ಹೇಳಿದರು: “ನಿಮಗೆ ಗೊತ್ತಿಲ್ಲ ಅಂತ ಹೋಗ್ತಿದ್ದೆ. ಈಗ ನಾನು ಅಲ್ಲಿ ಕುಣೀತಾ ಇರೋದು ಗೊತ್ತಿದ್ದೂ ನೀವು ಇಲ್ಲಿ ಗೋಡೆ ನೋಡ್ತಾ ಮಲಗಿರ್ತೀರಿ. ಹೆಂಗೆ ಹೋಗ್ಲಿ ಹೇಳಿ?” ಅವರು ಮತ್ತೆ ಹೋಗಲೇ ಇಲ್ಲ.

ಅಣ್ಣ ಅದೇ ಸ್ಥಿತಿಯಲ್ಲಿ ಇನ್ನೂ ಕೆಲವು ವರ್ಷ ಬದುಕಿದ್ದ. ಅವನು ಹೋದ ಮೇಲೆ, ವರ್ಷದ ತಿಥಿಯೂ ಕಳೆದ ಮೇಲೆ, ನಾನು ಸೈಕಲ್ಲಿಗೆ ಹೊಸ ಟಯರ್ ಹಾಕಿಸಿ ಅವರ ಬಾಗಿಲಿಗೆ ತಂದು ನಿಲ್ಲಿಸಿದೆ. ಅವರು ಹ್ಯಾಂಡಲ್ಲನ್ನು ಸವರಿ ನೋಡಿದರು. ಕಾಲು ಈಗ ನಿಜವಾಗಿಯೂ ನೋಯುತ್ತಿತ್ತು. “ಈಗ ನಂಗೆ ಪೈಪು ದಾಟೋಕೂ ಆಗಲ್ಲ ಕಣೇ” ಅಂದರು. ನಾನು ತಡವಾಗಿ ತಂದಿದ್ದೆ.

ಅತ್ತಿಗೆ ಈ ಸಲದ ಕಾಫಿ ಹೂವು ಬಿಡುವ ಹೊತ್ತಿಗೆ ತೀರಿಕೊಂಡರು. ಅದಕ್ಕೆ ಒಂದು ವಾರ ಮುಂಚೆ ನಾನು ಅವರ ಹಾಸಿಗೆಯ ಪಕ್ಕ ಕೂತು, ಅಷ್ಟು ವರ್ಷ ಗಂಟಲಲ್ಲೇ ಇದ್ದದ್ದನ್ನು ಕೇಳಿದ್ದೆ. “ಅತ್ತಿಗೆ, ನಾನು ಅವತ್ತು ಹೇಳ್ಬಾರದಿತ್ತು ಅಲ್ವಾ?”

ಅವರು ನನ್ನ ಕಡೆ ತಿರುಗಿದರು. “ನೀನು ಹೇಳ್ದೇ ಇದ್ದಿದ್ರೆ ಇವ್ರು ಸೈಕಲ್ ಕೊಟ್ಟೇ ಬಿಡ್ತಿದ್ರಂತೆ. ಆಮೇಲೆ ಇವ್ರೇ ಹೇಳಿದ್ರು. ಕೊಟ್ಟಿದ್ರೂ ನಂಗೆ ಅಲ್ಲಿಗೆ ಹೋಗೋದು ತಪ್ತಿತ್ತು. ಆದ್ರೆ ಆಗ ಇವ್ರ ಮೇಲೆ ಒಂದಿಷ್ಟು ಸಿಟ್ಟಾದ್ರೂ ಮಾಡ್ಕೋಬೋದಿತ್ತು.”

“ನನ್ನ ಮೇಲೆ ಮಾಡ್ಕೊಳ್ಳಿ” ಅಂದೆ.

“ನಿನ್ನ ಮೇಲೆ ಹೆಂಗೆ ಮಾಡ್ಲಿ. ನೀನು ನನ್ನ ಒಳ್ಳೇದಕ್ಕೇ ಹೇಳಿದ್ದು” ಅಂದು ನನ್ನ ಕೈ ತಟ್ಟಿದರು. ಒಂದು ಬೈಗುಳ ಬೈದಿದ್ದರೂ ಸಾಕಿತ್ತು, ಅಳುತ್ತಾ ಎದ್ದು ಬರುತ್ತಿದ್ದೆ. ಅದನ್ನೂ ಅವರು ಮಾಡಲಿಲ್ಲ.