ಮಾಸ್ತರರನ್ನು ಬಿಡಿಸಿ ತಂದ ಬಳೆಗಾರ್ತಿ

ಕುಷ್ಟಗಿಯ ಹಮೀದಾಬಿ ಗಂಡ ತೀರಿಕೊಂಡ ಮೇಲೆ ಬಳೆಯ ಬುಟ್ಟಿ ಹೊತ್ತು ಹಳ್ಳಿ ಹಳ್ಳಿ ತಿರುಗಿ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವಳು. ಪರಗಂಡಸರು ಹೊಸ್ತಿಲ ಹೊರಗೇ ನಿಲ್ಲಬೇಕಾದ ಮನೆಗಳಲ್ಲೂ ಆಕೆಗೆ ಅಡುಗೆಮನೆಯ ತನಕ ದಾರಿಯಿತ್ತು.

ಅದು ೧೯೪೬ರ ಬೇಸಿಗೆ. ರೈತರಿಂದ ಕಡ್ಡಾಯವಾಗಿ ಧಾನ್ಯ ಪಡೆಯುವ ನಿಜಾಮ ಸರ್ಕಾರದ ಲೆವಿ ವಸೂಲಿ ಜೋರಾಗಿತ್ತು. ಕೊಡಬೇಕಾದ ಜೋಳವಷ್ಟೇ ಅಲ್ಲ, ಬಿತ್ತನೆಗೆಂದು ನೆಲದಡಿಯ ಹಗೇವಿನಲ್ಲಿ ಕಾಪಿಟ್ಟ ಬೀಜದ ಜೋಳವನ್ನೂ ಒಬ್ಬ ಗುಮಾಸ್ತ ತೋಡಿಸಿಕೊಂಡು ಹೋಗುತ್ತಿದ್ದ. ಅದನ್ನು ಕಣ್ಣಾರೆ ಕಂಡ ಹಮೀದಾಬಿ ತನ್ನ ಓಣಿಯ ಕೊಟ್ರಬಸಪ್ಪ ಮಾಸ್ತರರ ಕಟ್ಟೆಯ ಮೇಲೆ ಕೂತು ಹೊಟ್ಟೆಯುರಿದು ಹೇಳಿದಳು. ಮಾಸ್ತರರು ನಿಜಾಮ ಸೀಮೆಯ ಗಡಿಯಾಚೆ, ಬ್ರಿಟಿಷರ ಆಳ್ವಿಕೆಯ ಗದಗಿನಲ್ಲಿ ಅಚ್ಚಾಗುವ ವಾರಪತ್ರಿಕೆಗೆ ತಮ್ಮ ಹೆಸರು ಹಾಕಿಯೇ ಬರೆದರು. ಪತ್ರಿಕೆ ಊರಿಗೆ ಬಂತು, ಅದರ ಬೆನ್ನಿಗೇ ಪೊಲೀಸರೂ ಬಂದು ಮಾಸ್ತರರನ್ನು ಹಿಡಿದು ತಾಲೂಕು ಕಚೇರಿಯಲ್ಲಿ ಕೂಡಿಹಾಕಿದರು.

ಬರೆದದ್ದು ಸುಳ್ಳೆಂದು ಒಪ್ಪಿಕೊಂಡರೆ ಬಿಡುಗಡೆ, ಇಲ್ಲವಾದರೆ ಗುಲ್ಬರ್ಗದ ಜೈಲು ಎಂದರು. ಮಾಸ್ತರರು ಒಪ್ಪಲಿಲ್ಲ.

“ನಾ ಕಂಡಿದ್ದು ಹೇಳೀನಿ, ಅವ್ರು ಬರದಾರ. ಒಳಗ ಕುಂತಾವ್ರು ಮಾತ್ರ ಅವ್ರೊಬ್ರ,” ಎಂದಳು ಹಮೀದಾಬಿ, ಮಾಸ್ತರರ ಹೆಂಡತಿ ಬಸವಣ್ಣೆಮ್ಮನ ಮುಂದೆ. “ಜ್ವಾಳ ಕಳಕೊಂಡಾವ್ರ ಕಚೇರಿಗೆ ಬಂದು ಹೇಳಿದ್ರ ಅದು ಸುಳ್ಳು ಹ್ಯಾಂಗ ಆಗತೈತಿ?”

“ಯಾರು ಬರ್ತಾರಬೇ? ಬಂದಾವ್ರನ್ನೂ ಒಳಗ ಹಾಕ್ತಾರ.”

“ಕೇಳಿ ನೋಡ್ತೀನಿ.”

ಬಳೆ ತೊಡಿಸುತ್ತ ತೊಡಿಸುತ್ತಲೇ ಮಾಸ್ತರರ ಸುದ್ದಿ ತೆಗೆದಳು. ಕೈ ಹಿಂದಕ್ಕೆಳೆದುಕೊಂಡವರೇ ಹೆಚ್ಚು. ಒಂದೂರಿನ ಗೌಡನಂತೂ ಬುಟ್ಟಿಯನ್ನೇ ಬೀದಿಗೆ ಉರುಳಿಸಿ, ಮತ್ತೆ ಬಂದರೆ ಕಾಲು ಮುರಿಯುತ್ತೇನೆಂದ. ಚೆಲ್ಲಿದ ಬಳೆಗಳಲ್ಲಿ ಒಡೆಯದವನ್ನು ಹುಡುಕುತ್ತ ಕೂತಿದ್ದವಳ ಪಕ್ಕ ಯಮನೂರಮ್ಮ ಎಂಬ ಮುದುಕಿ ಬಂದು ಕುಕ್ಕರಿಸಿ, ತಾನೂ ಆರಿಸತೊಡಗಿದಳು.

“ನನ್ನ ಹಗೇವು ಬರಿದ ಮಾಡ್ಯಾರ. ಇನ್ನ ಅಂಜಿ ಏನ್ ಉಳಿಸ್ಕೊಳ್ಳಲಿ? ನಾ ಬರ್ತೀನಿ.”

ಮುದುಕಿ ಹೊರಟಳೆಂದು ತಿಳಿದು ಅವಳ ವಾರಗಿತ್ತಿ ಹೊರಟಳು. ಆಮೇಲೆ ಸುತ್ತಲ ಊರುಗಳ ಹೆಂಗಸರೂ ಒಬ್ಬೊಬ್ಬರಾಗಿ ಹೂಂ ಅಂದರು.

ಸಂತೆಯ ದಿನ ತಲೆಯ ಮೇಲೆ ಬುಟ್ಟಿ ಹೊತ್ತು ಬಂದ ಹೆಂಗಸರನ್ನು ಯಾರು ತಡೆದಾರು? ಎಲ್ಲರೂ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕೂತುಬಿಟ್ಟರು. ಜಿಲ್ಲೆಯಿಂದ ತಪಾಸಣೆಗೆ ಬಂದಿದ್ದ ಸಾಹೇಬರು ಹೊರಬಂದು ಹಮೀದಾಬಿಯನ್ನು ಉರ್ದುವಿನಲ್ಲಿ ಗದರಿಸಿದರು: “ನೀನು ಮುಸಲ್ಮಾನಳು. ಈ ಗದ್ದಲದಲ್ಲಿ ನಿನಗೇನು ಕೆಲಸ?”

ಅವಳೂ ಉರ್ದುವಿನಲ್ಲೇ ಉತ್ತರಿಸಿದಳು: “ಹುಜೂರ್, ಇವರ ಮಾತು ನಿಮಗೆ ತಿಳಿಯದು, ನಿಮ್ಮದು ಇವರಿಗೆ ತಿಳಿಯದು. ಅದಕ್ಕೇ ಬಂದಿದ್ದೇನೆ.”

ಯಮನೂರಮ್ಮ ಎದ್ದು ನಿಂತಳು. “ಬಿತ್ತಾಕ ಇಟ್ಟ ಜ್ವಾಳರೆ ಬಿಡ್ರಪಾ ಅಂತ ಕಾಲಿಗೆ ಬಿದ್ದೆ. ಒದ್ದು ಹೋದ್ರು.”

ಹಮೀದಾಬಿ ಒಂದು ಮಾತನ್ನೂ ಮೆತ್ತಗೆ ಮಾಡದೆ ಅದನ್ನು ಉರ್ದುವಿನಲ್ಲಿ ಹೇಳಿದಳು. ಗುಮಾಸ್ತ ನಡುವೆ ಬಾಯಿ ಹಾಕಲು ಬಂದಾಗ ಸಾಹೇಬರೇ ಕೈಯೆತ್ತಿ ತಡೆದರು.

“ಪತ್ರಿಕೆಯಲ್ಲಿ ಬಂದದ್ದು ಇದೇ ಏನು?”

“ಅದರಲ್ಲಿ ಇದಕ್ಕಿಂತ ಕಡಿಮೆ ಬಂದಿದೆ, ಹುಜೂರ್.”

ಸಾಹೇಬರು ಗುಮಾಸ್ತನನ್ನು ಕರೆದುಕೊಂಡು ಒಳಗೆ ಹೋದರು. ಅಂದು ಏನೂ ಆಗಲಿಲ್ಲ. ಮುಂದಿನ ಸಂತೆಗೆ ಬೇವಿನ ನೆರಳು ಸಾಲದಷ್ಟು ಹೆಂಗಸರು ಸೇರಿದರು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಸಾಹೇಬರ ಹುಕುಮಿನಂತೆ ಒಳಗಿಂದ ಮಾಸ್ತರರು ಗಡ್ಡ ಬೆಳೆಸಿಕೊಂಡು, ಬರಿಗಾಲಲ್ಲಿ ಹೊರಗೆ ಬಂದರು. ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಬಸವಣ್ಣೆಮ್ಮ ಅಳುತ್ತ ನಗುತ್ತ ಓಡಿದಳು. ಹಮೀದಾಬಿ ಮಾತ್ರ ಮರದ ಕೆಳಗೆ ಕೂತಲ್ಲಿಂದಲೇ, “ಅಲ್ಲಾ, ಬಂದ್ರಲ್ಲ,” ಎಂದಳು.

“ಹಮೀದಾ, ಊರಾಗ ಮತ್ತೇನ್ ಸುದ್ದಿ?” ಎಂದರು ಮಾಸ್ತರರು ಹತ್ತಿರ ಬಂದು.

“ಮೊದಲ ಮನಿಗೆ ಹೋಗಿ ಉಣ್ರೀ!”

ಒಯ್ದ ಜೋಳ ಯಾರಿಗೂ ಮರಳಿ ಸಿಗಲಿಲ್ಲ. ಆದರೆ ಆ ಗುಮಾಸ್ತ ಮತ್ತೆ ಆ ಕಡೆ ತಲೆಹಾಕಲಿಲ್ಲ. ಮರುದಿನ ಬಿಸಿಲೇರಿದರೂ ಹಮೀದಾಬಿಯ ಬಾಗಿಲು ತೆರೆದಿರಲಿಲ್ಲ. ಗಾಬರಿಯಾಗಿ ಬಾಗಿಲು ಬಡಿದ ಬಸವಣ್ಣೆಮ್ಮನಿಗೆ ಒಳಗಿನಿಂದ ಕೇಳಿದ್ದು ಇಷ್ಟೇ: “ಭಾಳ ದಿನಕ್ಕ ಛಲೋ ನಿದ್ದಿ ಹತ್ತೈತಬೇ. ಇವತ್ತೊಂದಿನ ಬಿಡು.”